ಒಂದೇ ಅರ್ಥದ ಶ್ಲೇಷೆ

ಜೂನ್ ೨

ಹಡಗಿನಿಂದ ಇಳಿದು ಮನೆ ಸೇರಿದೆ. ಇನ್ನು ಕೆಲವು ತಿಂಗಳು ದಡದ ನೆಲೆಯಿಂದಲೇ ಹೆಲಿಕಾಪ್ಟರ್ ಹಾರಾಟ, ಸಂಜೆಗೆ ಮನೆ. ನೌಕೆಯ ಮೇಲಿಲ್ಲದಿದ್ದರೂ ನೌಕರಿ ಇದೆ ಎಂಬುದು ಸರಕಾರದ ದೊಡ್ಡ ಮನಸ್ಸು.

ನನ್ನ ಹೆಂಡತಿ ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಅಲ್ಲಿ ರಟ್ಟಿನ ಮಾದರಿಗೆಂದು ಕಟ್ಟಿದ್ದ ಈ ಖಾಲಿ ಪುಸ್ತಕವನ್ನು ತಂದು ನನ್ನ ಮುಂದಿಟ್ಟಳು. "ದಿನಾ ಅಷ್ಟೊಂದು ಶ್ಲೇಷೆ ಹುಟ್ಟುತ್ತಲ್ಲ ನಿಮಗೆ, ಅರ್ಧ ಇದಕ್ಕೆ ಹೇಳಿ. ನಮಗೂ ಸ್ವಲ್ಪ ಬಿಡುವು ಸಿಗಲಿ" ಎಂದಳು. ಅವಳ ಕೈ ತಾಗದೆ ತುಂಬುವ ಪುಸ್ತಕ ಇದೊಂದೇ. ತಪ್ಪುಗಳಿಗೆ ನಾನೇ ಹೊಣೆ.

ಮನೆಯಲ್ಲಿ ನಾವು ನಾಲ್ವರು. ನಾನು, ಅವಳು, ಎರಡನೇ ತರಗತಿಯ ಮಗಳು ಚೂಟಿ, ಮತ್ತು ಕಿವಿಗೆ ಯಂತ್ರ ಹಾಕಿಕೊಂಡಿರುವ ಅತ್ತೆ. ಚೂಟಿಯ ಮುಂದಿನ ಹಲ್ಲುಗಳೆರಡೂ ನಾನು ಸಮುದ್ರದಲ್ಲಿದ್ದಾಗ ಬಿದ್ದುಹೋಗಿವೆ. ಅವಳ ಮಾತೆಲ್ಲ ಆ ಬಾಗಿಲಿನಿಂದ ಗಾಳಿಯಾಗಿ ಹೋಗುತ್ತದೆ. ಅರ್ಧಕ್ಕೆ ಅರ್ಧ ನನಗೆ ತಿಳಿಯುವುದಿಲ್ಲ. ಹಲ್ಲು ಬಂದರೆ ಸರಿಹೋಗುತ್ತದೆ.

ಇವತ್ತಿನ ಶ್ಲೇಷೆ ತಾನಾಗಿ ಕೈಗೆ ಬಿತ್ತು. ಅಡುಗೆಮನೆಯಲ್ಲಿ ಕೂತು ಪತ್ರಿಕೆ ಓದುತ್ತಿದ್ದೆ. ಹೆಂಡತಿ ಹಿತ್ತಲಿನಿಂದ, "ರೀ, ಕಾಲು ನೋಡ್ಕೊಳ್ಳಿ" ಎಂದಳು. ನಾನು ಬಗ್ಗಿ ಎರಡೂ ಕಾಲು ನೋಡಿಕೊಂಡೆ, ಚೆನ್ನಾಗಿಯೇ ಇದ್ದವು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿ ನೆಲಕ್ಕೆ ಹರಿಯಿತು. ಅವಳು ಹೇಳಿದ್ದು ಹಾಲಂತೆ. "ಹಾಲು ಕಾಲಿನ ತನಕ ಬಂದಿದೆ, ಈಗ ಎರಡನ್ನೂ ಒಟ್ಟಿಗೆ ನೋಡಿಕೊಳ್ಳುತ್ತಿದ್ದೇನೆ" ಎಂದೆ. ಚೂಟಿ ನೆಲದ ಮೇಲೆ ಬಿದ್ದು ನಕ್ಕಳು. ಹೆಂಡತಿಯೂ ನಕ್ಕಳು. ಒರೆಸಿದವನು ನಾನು.

ಜೂನ್ ೭

ಅತ್ತೆ ಇವತ್ತು ಕೇಳಿದರು, "ಅಳಿಯಂದಿರೇ, ಇಷ್ಟು ವರ್ಷ ಆಯ್ತು, ನೀವು ಮೇಲೆ ಹೋಗಿ ಮಾಡೋದಾದರೂ ಏನು?"

ಹೇಳಿದೆ. ಕೆಳಗೆ ದೋಣಿ, ಮೇಲೆ ಹೆಲಿಕಾಪ್ಟರಿನಲ್ಲಿ ನಾನು, ನಡುವೆ ಹಗ್ಗದ ತುದಿಯಲ್ಲಿ ಈಜುಗಾರ. ನನ್ನ ಸೀಟಿನಿಂದ ದೋಣಿಯೂ ಕಾಣದು, ಈಜುಗಾರನೂ ಕಾಣ. ಕಾಣುವುದು ಸಮುದ್ರ, ಅದೂ ಬೇಡವೆನಿಸುವಷ್ಟು. ಹಿಂದಿನ ಬಾಗಿಲಲ್ಲಿ ಹೊಟ್ಟೆಯಡಿಯಾಗಿ ಮಲಗಿ ಕೆಳಗೆ ನೋಡುವವನು ಒಬ್ಬನಿದ್ದಾನೆ. ಹಗ್ಗ ಬಿಡುವುದು, ಎಳೆಯುವುದು ಅವನ ಕೆಲಸ. ಅವನು ಮುಂದೆ ಎಂದರೆ ಮುಂದೆ, ಎಡ ಎಂದರೆ ಎಡ, ಇಳಿ ಎಂದರೆ ಇಳಿಯಬೇಕು.

"ಅಂದ್ರೆ ಕಣ್ಣು ಅವನದು, ಕೈ ನಿಮ್ಮದು."

"ನಡುವೆ ನನ್ನ ಕಿವಿ" ಎಂದೆ.

ಆ ಬಾಗಿಲಿನವನಿಗೆ ನಾವು ಇಟ್ಟ ಹೆಸರು ಕೊಕ್ಕೆ. ಹಗ್ಗದ ತುದಿಯ ಕೊಕ್ಕೆ ಅವನ ವಶದಲ್ಲಿದೆ ಎಂಬುದು ಒಂದು ಕಾರಣ, ನಾನು ಏನು ಹೇಳಿದರೂ ಕೊಕ್ಕೆ ಹಾಕುತ್ತಾನೆ ಎಂಬುದು ಇನ್ನೊಂದು. ನಮ್ಮ ಕೈಪಿಡಿಯ ಪ್ರಕಾರ ಯಂತ್ರವನ್ನು, ಅಂದರೆ ಹೆಲಿಕಾಪ್ಟರನ್ನು, ಇದ್ದಲ್ಲೇ ತಡೆಯಬೇಕಾದಾಗ ಅವನು "ನಿಲ್ಲು" ಎನ್ನಬೇಕು. ಅವನು ಎನ್ನುವುದಿಲ್ಲ. "ಇರಿ ಸಾರ್" ಎನ್ನುತ್ತಾನೆ. ಎಷ್ಟೋ ವರ್ಷದ ಹಿಂದೆ ಒಮ್ಮೆ ಕೇಳಿದ್ದೆ, ಯಾಕಪ್ಪಾ ಹೀಗೆ ಎಂದು.

"ನಿಮಗೆ ನಿಲ್ಲು ಅಂತ ಏಕವಚನದಲ್ಲಿ ಹೇಳೋಕೆ ನನ್ನ ನಾಲಗೆ ಏಳಲ್ಲ ಸಾರ್."

"ಮತ್ತೆ ಇಳಿ ಅಂತೀಯಲ್ಲ? ಅದೇನು ಬಹುವಚನವಾ?"

"ಇಳಿ ಅನ್ನೋದು ಯಂತ್ರಕ್ಕೆ ಸಾರ್. ಇರಿ ಅನ್ನೋದು ನಿಮಗೆ."

ಕಾಲೇಜಿನಲ್ಲಿ ಮೂರು ವರ್ಷ ವ್ಯಾಕರಣ ಓದಿದವನು ನಾನು. ಇರಿ ಎಂದರೆ ಚುಚ್ಚು ಎಂದೂ ಆಗುತ್ತದೆ, ಹುಷಾರು ಎಂದು ಹೇಳಿ ಬಿಟ್ಟುಬಿಟ್ಟೆ.

ಪಾಪ, ಅವನಿಗೂ ವಯಸ್ಸಾಗುತ್ತಿದೆ. ಈಚೆಗೆ ಪ್ರತಿಯೊಂದನ್ನೂ ಎರಡೆರಡು ಸಲ ಹೇಳುತ್ತಾನೆ. "ಎಡಕ್ಕೆ ಸಾರ್, ಎಡಕ್ಕೆ. ಇರಿ ಸಾರ್, ಇರಿ." ಮರೆವಿನ ಮೊದಲ ಲಕ್ಷಣ ಅದು ಎಂದು ಎಲ್ಲೋ ಓದಿದ ನೆನಪು. ಎಲ್ಲಿ ಎಂದು ಮರೆತಿದೆ.

ಜೂನ್ ೧೬

ವರ್ಷದ ವೈದ್ಯಕೀಯ ಪರೀಕ್ಷೆ. ಹೃದಯ, ರಕ್ತ, ಕಣ್ಣು ಎಲ್ಲ ಸರಿಯಾಗಿವೆ. ತೂಕ ಸ್ವಲ್ಪ ಹೆಚ್ಚಾಗಿದೆ. ಮಾತಿಗೆ ತೂಕ ಬರಲಿ ಎಂದು ಎಲ್ಲರೂ ಹಾರೈಸುತ್ತಿದ್ದರು, ಬೇರೆ ಕಡೆ ಬಂತು.

ಕೊನೆಯದು ಕಿವಿ. ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಯ ಮೇಲೆ ಹಳೆಯ ಹೆಡ್‌ಫೋನು ಕವುಚಿ, ಕೈಗೊಂದು ಗುಂಡಿ ಕೊಡುತ್ತಾರೆ. ಸದ್ದು ಕೇಳಿದಾಗ ಒತ್ತಬೇಕು. ಹೆಡ್‌ಫೋನಿನ ಸ್ಥಿತಿ ದೇವರಿಗೇ ಪ್ರೀತಿ, ಮೊದಲ ನಾಲ್ಕಾರು ಸದ್ದಾದ ಮೇಲೆ ಏನೂ ಬರಲೇ ಇಲ್ಲ. ಕಿಟಕಿಯಾಚೆ ಯಂತ್ರ ನಡೆಸುವ ಹೆಣ್ಣುಮಗಳು ನನಗೆ ಬೆನ್ನು ಹಾಕಿದ್ದಳು. ಒಂದೊಂದು ಸದ್ದು ಕಳಿಸುವಾಗಲೂ ಅವಳ ಬಲ ಮೊಣಕೈ ಒಂಚೂರು ಮೇಲೇಳುತ್ತಿತ್ತು. ಯಂತ್ರ ಕೈಕೊಟ್ಟಾಗ ಕೈಯನ್ನೇ ನೋಡಬೇಕಲ್ಲವೆ. ಮೊಣಕೈ ಎದ್ದಾಗಲೆಲ್ಲ ಒತ್ತಿದೆ.

"ಈ ವಯಸ್ಸಿಗೆ ಪರವಾಗಿಲ್ಲ ಸಾರ್, ತುಂಬಾ ಚೆನ್ನಾಗಿದೆ" ಎಂದಳು. ಕಿವಿಯ ಪರೀಕ್ಷೆಯಲ್ಲಿ ಕಣ್ಣು ಪಾಸಾಯಿತು. ಅಂಗಾಂಗಗಳಲ್ಲಿ ಇಷ್ಟು ಒಗ್ಗಟ್ಟಿದ್ದರೆ ಸಾಕು, ಇನ್ನೂ ಐದು ವರ್ಷ ಹಾರುತ್ತೇನೆ.

ಇದನ್ನು ಮನೆಯಲ್ಲಿ ತಮಾಷೆಯಾಗಿ ಹೇಳಬೇಕೆಂದಿದ್ದೆ. ಯಾಕೋ ಹೇಳಲಿಲ್ಲ.

ಜೂನ್ ೨೮

ಚೂಟಿಯ ಶಾಲೆಯಲ್ಲಿ ಪದ್ಯವಾಚನ. ನಾನು ಸಮವಸ್ತ್ರದಲ್ಲೇ ಹೋಗಿ ಎರಡನೇ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತೆ. ಶಾಲೆಯವರಿಗೆ ಮೈಕು ಸರಿಮಾಡಿಸಬೇಕು ಎಂಬ ಬುದ್ಧಿ ಇಲ್ಲ. ಮಕ್ಕಳ ಬಾಯಿ ಆಡುವುದು ಕಾಣುತ್ತದೆ, ಬರುವುದು ಬರೀ ಗೊಜಗೊಜ. ಚೂಟಿ ನಿಂತು ಹೇಳಿದಳು, ಕೈ ಎತ್ತಿದಳು, ನಿಲ್ಲಿಸಿದಳು. ನಾನು ಎದ್ದುನಿಂತು ಚಪ್ಪಾಳೆ ತಟ್ಟಿದೆ. ಅದು ನಡುವಿನ ಉಸಿರಂತೆ, ಇನ್ನೂ ಎರಡು ಚರಣ ಬಾಕಿಯಿದ್ದವಂತೆ. ಸುತ್ತಲಿನವರು ನಕ್ಕರು. ಕೂತೆ.

ಮನೆಗೆ ಬರುವ ದಾರಿಯಲ್ಲಿ ನನ್ನ ಬೆರಳು ಹಿಡಿದು ಎಳೆದಳು.

"ಅಪ್ಪ, ಕೊನೇ ಸಾಲು ನಾನೇ ಬದಲಾಯಿಸಿದ್ದೆ. ಗೊತ್ತಾಯ್ತಾ?"

ಇದು ಕೇಳಿಸಿತು. ರಸ್ತೆ ಖಾಲಿಯಿತ್ತು, ಮುಖ ನೋಡುತ್ತ ಹೇಳಿದಳು.

"ಗೊತ್ತಾಗದೆ ಇರುತ್ತಾ? ಎಷ್ಟು ಚೆನ್ನಾಗಿತ್ತು" ಎಂದೆ.

"ಹಾಗಾದ್ರೆ ಏನು ಅಂತ ಹೇಳು."

"ಗುಟ್ಟು. ಎಲ್ಲರ ಮುಂದೆ ಹೇಳಬಾರದು."

ರಸ್ತೆಯಲ್ಲಿ ನಾವು ಮೂವರೇ ಇದ್ದೆವು. ಹಾರುವವನ ಬಾಯಲ್ಲಿ ಹಾರಿಕೆಯ ಉತ್ತರ, ತಪ್ಪೇನು. ಅವಳು ಬೆರಳು ಬಿಟ್ಟು ತಾಯಿಯ ಕಡೆಗೆ ಹೋದಳು. ಹಸಿವಾಗಿರಬೇಕು.

ಜುಲೈ ೫

ಎಲ್ಲರೂ ಮಾತನ್ನು ನುಂಗಲು ಶುರುಮಾಡಿದ್ದಾರೆ. ಅಂಗಡಿಯವನು, ಜೊತೆ ಚಾಲಕ, ನೆರೆಯವರು, ಎಲ್ಲರೂ. ಊಟಕ್ಕೆ ಮೇಜಿನ ಸುತ್ತ ಕೂತರೆ ನಾಲ್ಕು ಮಾತಿಗೆ ಒಂದು ಸಿಗುತ್ತದೆ, ಉಳಿದ ಮೂರನ್ನು ನಾನು ತುಂಬಿಕೊಳ್ಳಬೇಕು. ತಪ್ಪಿ ತುಂಬಿದರೆ ನಗುತ್ತಾರೆ. ನಕ್ಕರೆ ನಾನೂ ನಗುತ್ತೇನೆ. ಹೀಗಾಗಿ ನನ್ನ ಶ್ಲೇಷೆಗಳ ಸಂಖ್ಯೆ ಏರಿದೆ, ಆದರೆ ನನಗೇ ಸುಸ್ತು.

ಈ ಮನೆಯಲ್ಲಿ ಸ್ಪಷ್ಟವಾಗಿ ಮಾತಾಡುವವರು ಅತ್ತೆಯೊಬ್ಬರೇ. ಅವರು ಬಾಯಿ ತೆರೆದರೆ ಪಕ್ಕದ ಮನೆಯ ಬೆಕ್ಕು ಎದ್ದು ಕೂರುತ್ತದೆ. ಇಬ್ಬರೂ ಜಗಲಿಯಲ್ಲಿ ಕೂತು ಇವತ್ತು ತುಂಬ ಹೊತ್ತು ಹರಟಿದೆವು.

"ಈ ಮನೇಲಿ ಸರಿಯಾಗಿ ಮಾತಾಡೋರು ನಾವಿಬ್ಬರೇ ಅಳಿಯಂದಿರೇ" ಎಂದರು.

"ನಾನೂ ಅದನ್ನೇ ಅಂದುಕೊಳ್ಳುತ್ತಿದ್ದೆ" ಎಂದೆ.

ಅವರು ಮಾತ್ರ ನಗಲಿಲ್ಲ. ನನ್ನನ್ನೇ ನೋಡುತ್ತ ಕೂತರು.

ಜುಲೈ ೧೧

ಈಜುಗಾರನ ತೊಡೆಮೂಳೆ ಮುರಿದಿದೆ. ಬದುಕಿದ್ದಾನೆ.

ಕೊಕ್ಕೆ ಇಳಿ ಎಂದ. ನಾನು ಇಳಿಸಿದೆ.

ಜುಲೈ ೧೩

ಬರೆದುಬಿಡುತ್ತೇನೆ.

ಮೀನು ಹಿಡಿಯುವ ದೋಣಿಯಲ್ಲಿ ಒಬ್ಬನ ಕೈ ಯಂತ್ರಕ್ಕೆ ಸಿಕ್ಕಿತ್ತು, ಎತ್ತಿಕೊಂಡು ಬರಬೇಕಿತ್ತು. ಅಲೆ ದೊಡ್ಡದಿತ್ತು, ಆದರೆ ಅದಕ್ಕಿಂತ ದೊಡ್ಡದರಲ್ಲಿ ಮಾಡಿದ್ದೇವೆ. ಜೊತೆ ಚಾಲಕ ಬೇರೆ ರೇಡಿಯೊದಲ್ಲಿ ಆಸ್ಪತ್ರೆಯವರ ಜೊತೆ ಮಾತಾಡುತ್ತಿದ್ದ. ಈಜುಗಾರ ಹಗ್ಗದಲ್ಲಿ ಅರ್ಧ ದಾರಿ ಇಳಿದಿದ್ದ. ಕೊಕ್ಕೆಯ ಮಾತು ಬಂತು. ನಾನು ಯಂತ್ರ ಇಳಿಸಿದೆ. ಅದೇ ಹೊತ್ತಿಗೆ ದೋಣಿ ಅಲೆಯ ಮೇಲೇರಿತು. ಹಗ್ಗ ಸಡಿಲವಾಗಿ ಕಟಾಂಜನದ ಕಂಬಿಗೆ ಸುತ್ತಿಕೊಂಡಿತು, ದೋಣಿ ಕೆಳಗೆ ಬಿದ್ದಾಗ ಬಿಗಿಯಿತು. ನಡುವೆ ಈಜುಗಾರ ಹುಡುಗನ ತೊಡೆ.

ಆಮೇಲೆ ಕೊಕ್ಕೆ ಕೂಗಿದ್ದೆಲ್ಲ ನನಗೆ ಕೇಳಿಸಿತು. ಕೂಗಿದರೆ ಯಾರಿಗಾದರೂ ಕೇಳಿಸುತ್ತದೆ.

ಅವನು ಇರಿ ಎಂದನಂತೆ. ನನಗೆ ಬಂದದ್ದು ಇಳಿ. ಅಷ್ಟು ಗದ್ದಲದಲ್ಲಿ ಯಾರು ಏನೆಂದರೋ. ಕೈಪಿಡಿಯಲ್ಲಿರುವ ಹಾಗೆ ನಿಲ್ಲು ಎಂದಿದ್ದರೆ ಈ ತಕರಾರೇ ಇರುತ್ತಿರಲಿಲ್ಲ. ನಾನು ಅವನಿಗೆ ಎಷ್ಟು ಸಲ ಹೇಳಿದ್ದೆ.

ಒಂದು ಸಲ ಹೇಳಿದ್ದೆ.

ಜುಲೈ ೧೪

ಹೆಂಡತಿಯೊಂದಿಗೆ ಆಸ್ಪತ್ರೆಗೆ ಹೋಗಿದ್ದೆ. ಈಜುಗಾರ ಕಾಲನ್ನು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದ್ದ. ನಾನು ಮಂಚದ ಪಕ್ಕ ಕೂತೆ, ಅವಳು ಬಾಗಿಲ ಹತ್ತಿರ ನಿಂತಳು. ಹುಡುಗ ಸ್ವಲ್ಪ ಮಾತಾಡಿದ. ನಾನು ಅವನ ಭುಜ ತಟ್ಟಿ, "ಹೌದು ಹೌದು, ಎಲ್ಲ ಸರಿಹೋಗುತ್ತೆ" ಎಂದೆ. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ನೋವಿನ ಔಷಧಿಯ ಮಂಪರು ಎಂದುಕೊಂಡೆ.

ಕಾರು ಹತ್ತಿದ ಮೇಲೆ ಅವಳು ಬೀಗದ ಕೈ ನನ್ನ ಕೈಗೆ ಕೊಡಲಿಲ್ಲ.

"ಅವನು ಏನು ಕೇಳಿದ ಗೊತ್ತಾ ನಿಮಗೆ?"

"ಏನೋ, ಊಟದ ವಿಷಯ."

"ಯಾಕೆ ಇಳಿಸಿದ್ರಿ ಸಾರ್ ಅಂತ ಕೇಳಿದ. ನೀವು ಹೌದು ಹೌದು ಅಂದ್ರಿ."

"ಮೆತ್ತಗೆ ಹೇಳಿದ."

"ಬಾಗಿಲ ಹತ್ರ ಇದ್ದ ನನಗೆ ಕೇಳಿಸ್ತು."

ನಾನು ಏನೋ ತಮಾಷೆ ಮಾಡಿದೆ. ಏನೆಂದು ಈಗ ನೆನಪಿಲ್ಲ, ಚೆನ್ನಾಗಿರಲಿಲ್ಲ. ಅವಳು ನನ್ನ ಕಡೆ ಪೂರ್ತಿ ತಿರುಗಿ ಕೂತು, ಒಂದೊಂದೇ ಮಾತನ್ನು ಬಿಡಿಸಿಟ್ಟ ಹಾಗೆ ಹೇಳಿದಳು.

"ಮೊದಲು ನಿಮ್ಮ ಮಾತಿಗೆ ಎರಡು ಅರ್ಥ ಇರ್ತಿತ್ತು. ಎರಡನೇದು ಹೊಳೆದಾಗ ನಗು ಬರ್ತಿತ್ತು. ಈಗ ಒಂದೇ ಅರ್ಥ ಇರುತ್ತೆ, ಅದೂ ತಪ್ಪಿರುತ್ತೆ. ನಾವು ನಕ್ಕಿದ್ದು ನೋಡಿ ನೀವು ನಗ್ತೀರಿ. ನಾನು ತುಂಬಾ ದಿನದಿಂದ ನೋಡ್ತಿದೀನಿ, ರೀ. ಕರಡಿನಲ್ಲಿ ಒಂದು ಕಡೆ ತಪ್ಪಿದ್ರೆ ಜೋಡಿಸಿದವನ ಕೈ ಜಾರಿದೆ ಅಂತ. ಅದೇ ಅಕ್ಷರ ಪ್ರತಿ ಪುಟದಲ್ಲೂ ತಪ್ಪಿದ್ರೆ, ಅಚ್ಚಿನ ಮೊಳೆಯೇ ಸವೆದಿದೆ ಅಂತ."

ನಾನು ಮೊಳೆ ಹೊಡೆದ ಹಾಗೆ ಕೂತಿದ್ದೆ. ಇದನ್ನು ಅಲ್ಲಿ ಹೇಳಬಹುದಿತ್ತು, ಹೊಳೆದದ್ದು ಈಗ.

ತಿದ್ದಿ ತಿದ್ದಿ ಅವಳಿಗೆ ಎಲ್ಲೆಲ್ಲೂ ತಪ್ಪೇ ಕಾಣುತ್ತದೆ. ವೃತ್ತಿಯ ಕಾಯಿಲೆ. ಮನೆಯವರೆಗೂ ಅವಳೇ ಓಡಿಸಿದಳು. ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಜುಲೈ ೧೬

ವಿಚಾರಣೆ ಶುರುವಾಯಿತು. ಉದ್ದನೆಯ ಮೇಜು, ಹಸಿರು ಬಟ್ಟೆ, ಮೂವರು ಅಧಿಕಾರಿಗಳು. ನಡುವಿನವರು ಅಧ್ಯಕ್ಷರು, ನನಗಿಂತ ಹಿರಿಯರು, ಮೀಸೆ ಬಾಯನ್ನು ಪೂರ್ತಿ ಮುಚ್ಚಿದೆ. ಈ ದೇಶದಲ್ಲಿ ಮೀಸೆಗೆ ಒಂದು ಮಿತಿ ಬೇಕು. ಪಕ್ಕದವರ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟೆ. ಅಧ್ಯಕ್ಷರ ಪ್ರಶ್ನೆಗಳಿಗೆ ಮಾತ್ರ ಸ್ವಲ್ಪ ಯೋಚಿಸುವವನಂತೆ ಸುಮ್ಮನಿದ್ದು, ಅವರು ಮತ್ತೆ ಕೇಳುವವರೆಗೆ ಕಾದೆ.

ಹೆಲಿಕಾಪ್ಟರಿನ ಧ್ವನಿಮುದ್ರಿಕೆ ಹಾಕಿದರು. ತೆರೆದ ಬಾಗಿಲ ಗಾಳಿಯಲ್ಲಿ ಎಲ್ಲ ಮುಳುಗಿಹೋಗಿದೆ. ಇರಿಯೋ ಇಳಿಯೋ ಯಾರಿಗೂ ಹೇಳಲಾಗಲಿಲ್ಲ. ಮೂವರೂ ಮುಂದೆ ಬಾಗಿ ಕಿವಿಗೊಟ್ಟರು, ಮೂವರೂ ತಲೆಯಾಡಿಸಿದರು. ಅವರಿಗೂ ಕೇಳಿಸಲಿಲ್ಲವಲ್ಲ ಎಂದು ನನಗೆ ಆದ ಸಂತೋಷವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಆಮೇಲೆ ಕೊಕ್ಕೆಯನ್ನು ಕರೆದರು. ಅವನು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬಂದು ನಿಂತ. ನೀನು ಹೇಳಿದ್ದೇನು ಎಂದು ಕೇಳಿದರು. ಅವನ ಧ್ವನಿ ಎಂದಿನಂತೆ ದೊಡ್ಡದಾಗಿತ್ತು.

"ಇಳಿ ಅಂದಿರಬೇಕು ಸಾರ್. ಬಾಯಿ ತಪ್ಪಿ ಬಂದಿರಬೇಕು. ಅವರದೇನೂ ತಪ್ಪಿಲ್ಲ."

ಬರೆದುಕೊಂಡರು. ಕೈಪಿಡಿಯ ಮಾತು ಬಿಟ್ಟು ತನ್ನದೇ ಮಾತು ಬಳಸುತ್ತಿದ್ದ ಎಂಬುದನ್ನೂ ಬರೆದುಕೊಂಡರು. ಅವನನ್ನು ಬಾಗಿಲಿನಿಂದ ತೆಗೆದು ಉಗ್ರಾಣಕ್ಕೆ ಹಾಕುತ್ತಾರೆ, ಹುದ್ದೆಯಲ್ಲಿ ಒಂದು ಮೆಟ್ಟಿಲು ಇಳಿಸುತ್ತಾರೆ ಎಂದು ಜೊತೆ ಚಾಲಕ ಹೇಳಿದ.

ಹೊರಗೆ ನಲ್ಲಿಯ ಹತ್ತಿರ ಕೊಕ್ಕೆ ಸಿಕ್ಕಿದ. ನನ್ನ ಎದುರಿಗೇ ಬಂದು, ಮುಖಕ್ಕೆ ಮುಖ ಕೊಟ್ಟು ನಿಂತ. ಅವನು ಬಹಳ ದಿನದಿಂದ ಹಾಗೆಯೇ ನಿಲ್ಲುತ್ತಾನೆ ಎಂದು ಇವತ್ತು ಗಮನಕ್ಕೆ ಬಂತು.

"ಯಾಕೋ ಹಾಗೆ ಹೇಳಿದೆ? ನೀನು ಹೇಳಿದ್ದು ಇರಿ ಅಂತಲ್ವಾ?"

"ಇರಿ ಅಂತಲೇ ಹೇಳಿದ್ದು ಸಾರ್."

"ಮತ್ತೆ?"

"ನೀವು ಹಾರಬೇಕು ಸಾರ್. ನನಗೆ ಹೊಟ್ಟೆ ಮೇಲೆ ಮಲಗಿ ಮಲಗಿ ಸಾಕಾಗಿದೆ, ಉಗ್ರಾಣದಲ್ಲಿ ಕುರ್ಚಿ ಇದೆ." ಸ್ವಲ್ಪ ಹೊತ್ತು ಕೈ ಒರೆಸಿಕೊಂಡ. "ಅಲ್ಲದೆ ತಪ್ಪು ನಂದೂ ಇದೆ. ಯಾವಾಗಲೂ ಎರಡು ಸಲ ಹೇಳ್ತಿದ್ದೆ. ಅವತ್ತು ಒಂದೇ ಸಲ ಹೇಳ್ದೆ."

ಜುಲೈ ೧೭

ಏನೂ ಇಲ್ಲ.

ಜುಲೈ ೧೮

ಅವನು ತಾನಾಗಿಯೇ ಒಪ್ಪಿಕೊಂಡಿದ್ದಾನೆ. ನಾನು ಕೇಳಿಕೊಳ್ಳಲಿಲ್ಲ. ಹಾರುವುದು ಬಿಟ್ಟರೆ ನನಗೆ ಬೇರೆ ಏನು ಬರುತ್ತದೆ? ಶ್ಲೇಷೆ. ಅದಕ್ಕೆ ಯಾವ ಪಡೆಯಲ್ಲೂ ಹುದ್ದೆಯಿಲ್ಲ.

ಚೂಟಿ ತರಗತಿಯಲ್ಲಿ "ನನ್ನ ಅಪ್ಪ" ಎಂದು ಚಿತ್ರ ಬರೆದಿದ್ದಾಳೆ. ಹೆಲಿಕಾಪ್ಟರು ಹಾಳೆ ತುಂಬ ಇದೆ. ಅಪ್ಪ ಅದರ ಕಿಟಕಿಯಲ್ಲಿ ಒಂದು ಚುಕ್ಕೆ. ಅದನ್ನು ಅವಳು ಗೋಡೆಗೆ ಅಂಟಿಸಿದ್ದಾಳೆ, ನಾನು ಊಟಕ್ಕೆ ಕೂರುವ ಜಾಗದ ಎದುರಿಗೆ.

ಜುಲೈ ೨೦

ಭಾನುವಾರ. ಮಧ್ಯಾಹ್ನ ಹೆಂಡತಿ ಅಂಗಡಿಗೆ ಹೋಗಿದ್ದಳು. ಚೂಟಿ ಮೇಜಿನ ಹತ್ತಿರ ಲೆಕ್ಕ ಬರೆಯುತ್ತಿದ್ದಳು. ಅತ್ತೆ ನನ್ನ ಪಕ್ಕ ಬಂದು ಕೂತು, ತಮ್ಮ ಕಿವಿಯ ಯಂತ್ರ ಬಿಚ್ಚಿ, ಸೆರಗಿನಲ್ಲಿ ಒರೆಸಿ, ನನ್ನ ಅಂಗೈಯಲ್ಲಿಟ್ಟರು.

"ಒಂದು ಸಲ ಹಾಕಿಕೊಂಡು ನೋಡಿ."

"ನನಗ್ಯಾಕೆ ಅತ್ತೆ? ನಿಮ್ಮ ಮಗಳ ಮಾತನ್ನೇ ಕಿವಿಗೆ ಹಾಕಿಕೊಳ್ಳದವನು ನಾನು."

"ನೀವು ಏನು ಅಂದ್ರೋ ನನಗೆ ಕೇಳಿಸಲ್ಲ, ಅದು ನಿಮ್ಮ ಕೈಲಿದೆ. ಸುಮ್ಮನೆ ಹಾಕ್ಕೊಳ್ಳಿ."

ತಮಾಷೆಗೆ ಹಾಕಿಕೊಂಡೆ. ಮೊದಲು ಸೀಟಿಯಂಥ ಕಿರುಚಾಟ. ಅತ್ತೆ ಬೆರಳಿನಿಂದ ಸರಿಯಾಗಿ ಒತ್ತಿದರು. ಕಿರುಚಾಟ ನಿಂತಿತು.

ಆಗ ಒಂದು ಸದ್ದು ಬಂತು. ಯಾರೋ ತೀರ ಹತ್ತಿರದಲ್ಲಿ ಒಣ ಎಲೆಯನ್ನು ಕೆರೆಯುತ್ತಿರುವ ಹಾಗೆ. ಕೋಣೆಯೆಲ್ಲ ನೋಡಿದೆ. ಅದು ಚೂಟಿಯ ಪೆನ್ಸಿಲು. ಕಾಗದದ ಮೇಲೆ ಓಡುವಾಗ ಪೆನ್ಸಿಲು ಸದ್ದು ಮಾಡುತ್ತದೆ ಎಂಬುದು ನನಗೆ ಮರೆತೇ ಹೋಗಿತ್ತು. ಅದರ ಜೊತೆಗೆ ಇನ್ನೊಂದು, ತೆಳ್ಳಗೆ: "ಏಳರಲ್ಲಿ ಮೂರು ಹೋದರೆ... ಏಳರಲ್ಲಿ ಮೂರು ಹೋದರೆ... ಅಯ್ಯೋ, ಮತ್ತೆ ತಪ್ಪಾಯ್ತು." ಅಷ್ಟೊಂದು 'ತ'ಕಾರ 'ದ'ಕಾರಗಳು ಹಲ್ಲಿಲ್ಲದ ಬಾಯಿಂದ ಇಷ್ಟು ಸ್ವಚ್ಛವಾಗಿ ಬರುತ್ತವೆ. ಅವಳ ಮಾತಿನಲ್ಲಿ ಏನೂ ಕೆಟ್ಟಿಲ್ಲ.

ಅತ್ತೆಯ ಕಡೆ ತಿರುಗಿ, ಬಾಯಿಯನ್ನು ದೊಡ್ಡದಾಗಿ ಆಡಿಸುತ್ತ ಕೇಳಿದೆ, "ಅವಳು ಬರೆಯುವಾಗ ತನ್ನಷ್ಟಕ್ಕೆ ಮಾತಾಡ್ತಾಳಾ? ಯಾವಾಗಿನಿಂದ?"

"ಯಾವಾಗಲೂ" ಎಂದರು.

ಯಂತ್ರ ಬಿಚ್ಚಿ ಕೊಟ್ಟೆ. ಪೆನ್ಸಿಲು ಓಡುತ್ತಲೇ ಇತ್ತು, ಅವಳ ತುಟಿ ಆಡುತ್ತಲೇ ಇತ್ತು. ಯಾರೋ ನಡುವೆ ಗಾಜು ಇಟ್ಟ ಹಾಗೆ.

ಹೆಂಡತಿ ಬಂದ ಮೇಲೆ ಚೀಲ ಇಳಿಸಲೂ ಬಿಡದೆ ಹೇಳಿದೆ, "ಮೊಳೆ ಸವೆದಿದೆ." ಅವಳು ಚೀಲ ಕೆಳಗಿಟ್ಟು ಅದರ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಕೊಕ್ಕೆಯ ವಿಷಯವನ್ನೂ ಹೇಳಿದೆ. ನಾಳಿದ್ದು ವಿಚಾರಣೆಯ ಕೊನೆಯ ದಿನ ಎಂದೂ ಹೇಳಿದೆ. ಹೋಗಿ ಹೇಳಿ ಎಂದು ಅವಳು ಹೇಳಲಿಲ್ಲ. ಹೇಳಬೇಡಿ ಎಂದೂ ಹೇಳಲಿಲ್ಲ. ಇಬ್ಬರೂ ತರಕಾರಿ ಬಿಡಿಸಿದೆವು.

ಜುಲೈ ೨೨

ಅಧ್ಯಕ್ಷರು ಮುಗಿಸಲು ಕಾಗದ ಜೋಡಿಸುತ್ತಿದ್ದರು. ನಾನು ಎದ್ದು ನಿಂತೆ.

"ಅವನು ಇರಿ ಅಂದಿದ್ದು ಸಾರ್. ನನಗೆ ಕೇಳಿಸಿದ್ದು ಇಳಿ. ಅವನು ಸುಳ್ಳು ಹೇಳ್ತಿರೋದು ನನಗೋಸ್ಕರ."

ಪಕ್ಕದ ಅಧಿಕಾರಿ ನನ್ನ ಕಡತ ತೆರೆದು, ಬೆರಳಿಟ್ಟು ತೋರಿಸಿದರು. "ಹೋದ ತಿಂಗಳು ಕಿವಿ ಪರೀಕ್ಷೆ ಪಾಸಾಗಿದ್ದೀರಿ."

"ಪಾಸಾಗಿದ್ದು ಕಣ್ಣು ಸಾರ್." ಮೊಣಕೈಯ ಕಥೆ ಹೇಳಿದೆ.

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. ನನ್ನ ಬಾಯಿಯ ಖ್ಯಾತಿ ಅವರವರೆಗೂ ಹೋಗಿದೆ. ಮೀಸೆಯೊಳಗಿನ ಮಾತು ನನಗೆ ಅರ್ಧ ಸಿಕ್ಕಿತು, ಉಳಿದರ್ಧ ಅವರ ಹುಬ್ಬಿನಿಂದ ಗೊತ್ತಾಯಿತು: ಇದೂ ನಿಮ್ಮ ಎರಡರ್ಥದ ಮಾತೋ ಹೇಗೆ?

"ಇಲ್ಲ ಸಾರ್. ಇದಕ್ಕೆ ಒಂದೇ ಅರ್ಥ."

ಬಾಗಿಲ ಬಳಿ ನಿಂತಿದ್ದ ಕೊಕ್ಕೆ ನೆಲ ನೋಡುತ್ತಿದ್ದ. ಹೊರಗೆ ಬಂದಾಗ ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಮೇಲೆ ರೇಗಿದ. "ನಾನು ಒಪ್ಪಿಕೊಂಡಾಗಿತ್ತು. ನೀವು ಯಾಕೆ ಬಾಯಿ ಹಾಕೋಕೆ ಹೋದ್ರಿ? ಸುಮ್ಮನೆ ಇರೋಕೆ ಬರಲ್ವಾ ನಿಮಗೆ?" ಅಷ್ಟು ಸಿಟ್ಟಿನಲ್ಲೂ ಬಹುವಚನ ಬಿಡಲಿಲ್ಲ.

ಜುಲೈ ೨೯

ಹೊಸ ಪರೀಕ್ಷೆ ಆಯಿತು. ಈ ಸಲ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತೆ. ಗೋಡೆಯಲ್ಲಿ ಒಂದು ಬಿರುಕಿತ್ತು. ಅದನ್ನು ನೋಡುತ್ತ ತುಂಬ ಹೊತ್ತು ಗುಂಡಿ ಒತ್ತದೆ ಕೂತಿದ್ದೆ.

ಹಾರಾಟ ರದ್ದು. ಇನ್ನು ಮುಂದೆಯೂ ಇಲ್ಲ. ಸುಳ್ಳು ಪರೀಕ್ಷೆಗೆ ಪ್ರತ್ಯೇಕ ಶಿಸ್ತುಕ್ರಮ, ಅದು ಬರುತ್ತದೆ. ಕೊಕ್ಕೆ ಬಾಗಿಲಿನಲ್ಲೇ ಉಳಿಯುತ್ತಾನೆ, ಇನ್ನು ಮೇಲೆ "ನಿಲ್ಲು" ಎನ್ನಬೇಕೆಂಬ ಎಚ್ಚರಿಕೆಯೊಂದಿಗೆ.

ಬರುವಾಗ ಆಸ್ಪತ್ರೆಗೆ ಹೋದೆ. ಈಜುಗಾರನ ಮಂಚದ ಆ ಬದಿಗೆ, ಅವನ ಮುಖ ಕಾಣುವ ಕಡೆ, ಕುರ್ಚಿ ಎಳೆದುಕೊಂಡೆ. ಯಾಕೆ ಇಳಿಸಿದೆ ಎಂದು ಹೇಳಿದೆ. ಅವನು ಚಾವಣಿ ನೋಡುತ್ತ ಕೇಳಿದ. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ಕಾಲು ಮೊದಲಿನಂತಾಗುತ್ತದೋ ಇಲ್ಲವೋ ಎಂದು ವೈದ್ಯರಿಗೂ ಗೊತ್ತಿಲ್ಲವಂತೆ. ಅವನ ವಯಸ್ಸಿನಲ್ಲಿ ನಾನು ಮೊದಲ ಸಲ ಹಡಗಿನ ಮೇಲೆ ಇಳಿದಿದ್ದೆ. ಎದ್ದು ಬರುವಾಗ ದಿಂಬು ಸರಿಮಾಡಿ ಎಂದು ಕೈಸನ್ನೆ ಮಾಡಿದ. ಮಾಡಿದೆ.

ಆಗಸ್ಟ್ ೧೦

ನೆಲೆಯ ಕಚೇರಿಯಲ್ಲಿ ಕಿಟಕಿಯ ಪಕ್ಕದ ಮೇಜು. ಯಾವ ಯಂತ್ರ ಯಾವಾಗ ಏಳುತ್ತದೆ, ಯಾವಾಗ ಬರುತ್ತದೆ ಎಂದು ಹಲಗೆಯ ಮೇಲೆ ಬರೆಯುವ ಕೆಲಸ. ಅವು ಎದ್ದಾಗ ಗಾಜು ನಡುಗುತ್ತದೆ. ಅದನ್ನು ಕೇಳಲು ಕಿವಿ ಬೇಕಿಲ್ಲ, ಮೇಜಿನ ಮೇಲೆ ಅಂಗೈ ಇಟ್ಟರೆ ಸಾಕು. ಇಡುವುದಿಲ್ಲ ಎಂದುಕೊಂಡು ದಿನವೂ ಇಡುತ್ತೇನೆ.

ನನ್ನ ಕಿವಿಯ ಯಂತ್ರ ಇನ್ನೂ ಬಂದಿಲ್ಲ. ಅಳತೆ ತೆಗೆದುಕೊಂಡು ಹೋಗಿದ್ದಾರೆ.

ಇವತ್ತು ರಜೆ. ಊಟವಾದ ಮೇಲೆ ಮಣೆಯ ಮೇಲೆ ಕೂತು ಹೊರಗೆ ನೋಡುತ್ತಿದ್ದೆ. ಚೂಟಿ ಬಂದು ಏನೋ ಹೇಳಿದಳು. 'ಅಪ್ಪ' ಸಿಕ್ಕಿತು, 'ಮೇಲೆ' ಎಂಬಂಥದ್ದು ಸಿಕ್ಕಿತು. ಅದಕ್ಕೆ ಜೋಡಿಸಲು ಒಂದು ಒಳ್ಳೆಯ ಮಾತು ನಾಲಗೆಯ ತುದಿಗೆ ಬಂದೂ ಬಂತು. ಅವಳು ಕಾಯುತ್ತಿದ್ದಳು.

"ಕೇಳಿಸಲಿಲ್ಲ ಮರಿ" ಎಂದೆ.

ಅವಳು ಹತ್ತಿರ ಬಂದು, ಎರಡೂ ಅಂಗೈಗಳಿಂದ ನನ್ನ ಕೆನ್ನೆ ಹಿಡಿದು, ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಮೇಷ್ಟರು ಉಕ್ತಲೇಖನ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು.

"ಅಪ್ಪ. ನೀನು. ನನ್ನ ರಬ್ಬರ್ ಮೇಲೆ. ಕೂತಿದೀಯ."

ಎದ್ದು ನೋಡಿದೆ. ಕೂತಿದ್ದೆ.